ನಕ್ಷೆ ಇಲ್ಲದ ಕಾರ್ಖಾನೆ

ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಹೆದ್ದಾರಿಯಲ್ಲಿ, ಅನಮೋಡ ಘಾಟಿಗೆ ಮೊದಲು ರಾಮನಗರ ಸಿಗುತ್ತದೆ. ಜೋಯಿಡಾ ತಾಲೂಕಿನ ಊರು. ಕಾಳಿ ನದಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದಾಗ ಸೂಪಾ ಪೇಟೆ ಮತ್ತು ಸುತ್ತಲಿನ ಹಳ್ಳಿಗಳು ನೀರಿನ ಪಾಲಾದವು. ಮನೆ, ಗದ್ದೆ ಬಿಟ್ಟು ಎದ್ದು ಬಂದವರಲ್ಲಿ ಅನೇಕರಿಗೆ ರಾಮನಗರವೇ ಹೊಸ ಊರಾಯಿತು. ಇಲ್ಲಿನ ಅಂಗಡಿ ಮುಂದೆ ಅರ್ಧ ಗಂಟೆ ಕೂತರೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ.

ನಾನು ಬಸ್ಸಿಗೆ ಕಾಯುತ್ತಾ ಕೂತದ್ದು ಒಂದು ಗ್ಯಾರೇಜಿನ ಬೆಂಚಿನ ಮೇಲೆ. ಒಳಗೆ ಒಂದು ಹಳೆಯ ಲೇಥ್, ಒಂದು ಡ್ರಿಲ್ಲಿಂಗ್ ಯಂತ್ರ, ಎರಡು ವೈಸು. ಅವು ಉಸ್ತಾದರವು, ಆದರೆ ಬಳಸುವವರು ಊರಿನವರೆಲ್ಲ. ಪಂಪ್‌ಸೆಟ್ಟಿನ ಶಾಫ್ಟ್ ತಂದ ರೈತ, ಜೀಪಿನ ಚಾಲಕ, ಪಕ್ಕದ ವೆಲ್ಡಿಂಗ್ ಅಂಗಡಿಯ ಹುಡುಗ, ಯಾರು ಬಂದರೂ ಕೆಲಸಕ್ಕೆ ಜಾಗವಿತ್ತು. ಆ ದಿನ ಬಾಗಿಲಲ್ಲಿ ಬಿಚ್ಚಿಟ್ಟಿದ್ದುದು ಒಂದು ಹಳೆಯ ಯೆಜ್ಡಿ ಮೋಟಾರ್‌ಸೈಕಲ್. ಉಸ್ತಾದರು ಅದರ ಕಿಕ್ ಶಾಫ್ಟಿನ ಸವೆದ ಬುಶ್ಶನ್ನು ಬೆಳಕಿಗೆ ಹಿಡಿದು ಶಾಗಿರ್ದನಿಗೆ ಹೇಳುತ್ತಿದ್ದರು: "ಇದರ ಮಾತು ನಂಬಬೇಡ. ಇದು ಈಗ ಹೇಗಿದೆ ಅಂತ ಹೇಳುತ್ತೆ. ಹುಟ್ಟಿದಾಗ ಹೇಗಿತ್ತು ಅಂತ ಹೇಳೋದಿಲ್ಲ."

ಇತಿಹಾಸ ಬರೆಯುವವರೂ ಕೇಳಿಸಿಕೊಳ್ಳಬೇಕಾದ ಮಾತಿದು.

ಆ ಗಾಡಿ ಹುಟ್ಟಿದ್ದು ಮೈಸೂರಿನಲ್ಲಿ. ಜಾವಾ ಮೂಲತಃ ಜೆಕ್ ನಾಡಿನದು. 1929ರಲ್ಲಿ ಅದನ್ನು ಆರಂಭಿಸಿದ ಯಾನೆಚೆಕ್ ಮತ್ತು ಆತ ಯಾರಿಂದ ವಿನ್ಯಾಸ ಕೊಂಡನೋ ಆ ಜರ್ಮನಿಯ ವಾಂಡರರ್ ಕಂಪೆನಿ, ಇಬ್ಬರ ಹೆಸರಿನ ಮೊದಲಕ್ಷರಗಳು ಸೇರಿ ಈ ಹೆಸರಾಯಿತು. ಸ್ವಾತಂತ್ರ್ಯಾನಂತರ ಸರಕಾರ ವಿದೇಶಿ ವಾಹನಗಳ ಆಮದಿಗೆ ಕಡಿವಾಣ ಹಾಕಿದಾಗ ಇರಾನಿ ಕುಟುಂಬದ ಉದ್ಯಮಿಗಳು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1973ರಿಂದ ಗಾಡಿಗಳ ಮೇಲೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ನಗರದ ನೆನಪು ಅದರಲ್ಲಿದೆ ಎನ್ನುತ್ತಾರೆ. ಜೆಕ್ ಯಂತ್ರ, ಪಾರಸಿ ಹೆಸರು, ಮೈಸೂರಿನ ಕೈಗಳು.

ಆ ಯಂತ್ರದ ಗುಣವೇ ಬೇರೆ. 65 ಮಿಲಿಮೀಟರ್ ವ್ಯಾಸದ ಒಂದೇ ಸಿಲಿಂಡರು, ಅದರಲ್ಲಿ ಪಿಸ್ಟನ್ನಿನ ಓಟ 75 ಮಿಲಿಮೀಟರು; ಆದರೆ ಹೊಗೆ ಹೋಗಲು ಎರಡು ಸೈಲೆನ್ಸರು. ಗಾಡಿ ಶುರು ಮಾಡುವ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರಿನ ಸರಳು. ಹೀಗೆ ಒಂದೇ ಸರಳಿಗೆ ಎರಡು ಕೆಲಸ ಬಿದ್ದದ್ದರಿಂದ ಆ ಜಾಗದ ಬುಶ್ಶಿಗೆ ವಿಶ್ರಾಂತಿ ಕಡಿಮೆ.

1996ರಲ್ಲಿ ಕಾರ್ಖಾನೆ ನಿಂತುಹೋಯಿತು. ಇತಿಹಾಸದ ಪುಸ್ತಕದಲ್ಲಿ ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ಸಾವಿರಾರು ಗಾಡಿಗಳು ಆಗಲೂ ರಸ್ತೆಯಲ್ಲಿದ್ದವು. ಅಂಗಡಿಗಳಲ್ಲಿದ್ದ ಬಿಡಿಭಾಗಗಳು ಒಂದೊಂದಾಗಿ ಖಾಲಿಯಾದವು. ನಕ್ಷೆಗಳು ಕಾರ್ಖಾನೆಯವು, ಮಿಸ್ತ್ರಿಗಳ ಕೈಗೆ ಎಂದೂ ಬಂದವಲ್ಲ. ಹಾಗಿದ್ದೂ ಗಾಡಿಗಳು ಓಡಿದವು. ಹೇಗೆ?

ರಾಮನಗರದ ಆ ಮಧ್ಯಾಹ್ನ ನಾನು ನೋಡಿದ್ದು ಇಷ್ಟು. ಸವೆದ ಬುಶ್ಶಿನ ಅಳತೆಯನ್ನೇ ನಕಲು ಮಾಡಿದರೆ ಸವೆತವನ್ನೂ ನಕಲು ಮಾಡಿದಂತೆ. ಆದ್ದರಿಂದ ಉಸ್ತಾದರು ಮೊದಲು ಶಾಫ್ಟನ್ನು ತಿರುಗಿಸಿ, ಅದು ಯಾವುದಕ್ಕೂ ಉಜ್ಜದ ಒಂದು ಚೂರು ಜಾಗ ಹುಡುಕಿ ಅಲ್ಲಿ ಮೈಕ್ರೋಮೀಟರ್ ಇಟ್ಟರು. ಅದೇ ಹುಟ್ಟಿನ ಅಳತೆ. ನಂತರ ಬೆಲೆಬಾಳುವ ಗನ್‌ಮೆಟಲ್ ಮುಟ್ಟದೆ ಒಂದು ರದ್ದಿ ಅಲ್ಯೂಮಿನಿಯಂ ತುಂಡಿನಲ್ಲಿ ಮಾದರಿ ತಿರುವಿ ಕೂರಿಸಿ ನೋಡಿದರು. ಅದು ಒಪ್ಪಿದ ಮೇಲೆ ಗನ್‌ಮೆಟಲ್ಲಿನ ಸರದಿ. ಬುಶ್ಶನ್ನು ಬಿಗಿಯಾಗಿ ಒತ್ತಿ ಕೂರಿಸಿದಾಗ ಅದರ ಒಳತೂತು ಕೊಂಚ ಕುಗ್ಗುತ್ತದೆ. ಅದಕ್ಕೆಂದೇ ತೂತನ್ನು ಪೂರ್ತಿ ಅಳತೆಗೆ ತರದೆ ಉಳಿಸಿ, ಕೂರಿಸಿದ ಮೇಲೆ ರೀಮರಿನಿಂದ ಕೂದಲೆಳೆಯಷ್ಟು ಕೆರೆದರು. ಕೊನೆಗೆ ತಾವೇ ಒಂದು ತಿದ್ದುಪಡಿ ಮಾಡಿದರು: ಒಳಮೈಗೆ ಎಣ್ಣೆ ಹಿಡಿದಿಡುವ ಒಂದು ಸಣ್ಣ ಗೀರು. ಮೂಲ ಬುಶ್ಶಿನಲ್ಲಿ ಅದಿರಲಿಲ್ಲ. ಇದನ್ನು ನಾವು ರಿಪೇರಿ ಎನ್ನುತ್ತೇವೆ. ಇದೇ ಕೆಲಸ ಗಾಜಿನ ಕಟ್ಟಡದಲ್ಲಿ ಕಂಪ್ಯೂಟರ್ ಮುಂದೆ ನಡೆದಿದ್ದರೆ ವಿನ್ಯಾಸ ಎನ್ನುತ್ತಿದ್ದೆವು.

ಎರಕದ ಭಾಗವಾದರೆ ಕೆಲಸ ಇನ್ನೂ ದೊಡ್ಡದು. ಮರದ ಅಚ್ಚು ಮಾಡಿ, ಮರಳಲ್ಲಿ ಒತ್ತಿ, ಲೋಹ ಸುರಿಯಬೇಕು. ಆರುವಾಗ ಅಲ್ಯೂಮಿನಿಯಂ ನೂರು ಮಿಲಿಮೀಟರಿಗೆ ಒಂದಕ್ಕಿಂತ ತುಸು ಹೆಚ್ಚೇ ಕುಗ್ಗುವುದರಿಂದ ಅಚ್ಚು ಅಷ್ಟು ದೊಡ್ಡದಿರಬೇಕು. ಈ ವಿದ್ಯೆ ಹೊಸದೇನಲ್ಲ. ಇಂದಿನ ತುರ್ಕಿಯಲ್ಲಿರುವ ದಿಯಾರ್‌ಬಕಿರ್‌ನ ಅರಮನೆಯಲ್ಲಿ ಕುಶಲಕರ್ಮಿಯಾಗಿದ್ದ ಅಲ್ ಜಜರಿ 1206ರಲ್ಲಿ ಯಂತ್ರಗಳ ಬಗ್ಗೆ ಅರಬಿಯಲ್ಲಿ ಒಂದು ಗ್ರಂಥ ಮುಗಿಸಿದ. ಮರಳಿನ ಅಚ್ಚಿನಲ್ಲಿ ಎರಕ, ಕಾಗದದ ಮಾದರಿಗಳು, ಕುರುಂದದ ಪುಡಿಯಿಂದ ಕವಾಟಗಳನ್ನು ಉಜ್ಜಿ ಕೂರಿಸುವ ಕ್ರಮ ಎಲ್ಲವೂ ಅದರಲ್ಲಿವೆ. ಆತನ ಹೆಚ್ಚುಗಾರಿಕೆ ಯಂತ್ರ ಮಾಡಿದ್ದರಲ್ಲಷ್ಟೇ ಇಲ್ಲ. ಮುಂದಿನವನು ಮತ್ತೆ ಮಾಡಲು ಬರುವಂತೆ ಚಿತ್ರ, ಅಳತೆ ಸಮೇತ ಬರೆದಿಟ್ಟದ್ದರಲ್ಲಿದೆ. ಎಂಟು ಶತಮಾನದ ನಂತರವೂ ನಾವು ಅವನ ಹೆಸರು ಹೇಳುತ್ತಿರುವುದು ಅದರಿಂದ.

ನಮ್ಮ ಮಿಸ್ತ್ರಿಗಳ ವಿದ್ಯೆ ಕೈಯಿಂದ ಕೈಗೆ ಬಂದದ್ದು. ಓದು ಬಿಟ್ಟ ಹುಡುಗನನ್ನು ಉಸ್ತಾದರ ಬಳಿ ಬಿಡುತ್ತಿದ್ದರು. ಮೊದಲ ವರ್ಷ ಚಹಾ ತರುವುದು, ಪಾನಾ ಒರೆಸುವುದು. ಆ ಪದ್ಧತಿಯನ್ನು ನಾನು ವೈಭವೀಕರಿಸಲಾರೆ. ಅದರಲ್ಲಿ ಹಸಿವಿತ್ತು, ಏಟೂ ಇತ್ತು. ಮಕ್ಕಳು ಶಾಲೆಯಲ್ಲೇ ಇರಬೇಕು. ಆದರೆ ಮಕ್ಕಳು ಶಾಲೆಗೆ ಹೋದಂತೆ ಆ ಹುನರ್ ಕೂಡ ಶಾಲೆಗೆ ಬರಬೇಕಿತ್ತು, ಬರಲಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮಾರುಕಟ್ಟೆಗೆ ಮರಳಿದವು. ಇವು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್‌ಗಳು. ಹೆಸರಷ್ಟೇ ಹಳೆಯದು, ಹಳೆಯ ಎಂಜಿನ್ನಿಗೆ ಇವುಗಳ ಬುಶ್ ಕೂರುವುದಿಲ್ಲ.

ಹೊರಡುವಾಗ ಉಸ್ತಾದರು ಎಣ್ಣೆ ಕುಡಿದು ಕಪ್ಪಾದ ಒಂದು ಲೆಕ್ಕದ ಪುಸ್ತಕ ತೋರಿಸಿದರು. ವರ್ಷಗಟ್ಟಲೆ ತಿರುವಿದ ಬುಶ್ಶು, ಪಿನ್ನು, ಶಾಫ್ಟುಗಳ ಅಳತೆ. ಎಲ್ಲವೂ ಉರ್ದುವಿನಲ್ಲಿ, ಅಂಕಿಗಳು ಕೂಡ. ಶಾಗಿರ್ದ್ ಕನ್ನಡ ಶಾಲೆಯಲ್ಲಿ ಓದಿದವನು. ಉಸ್ತಾದರು ಬಾಯಲ್ಲಿ ಹೇಳಿದ್ದೆಲ್ಲ ಅವನಿಗೆ ಗೊತ್ತು, ಪುಸ್ತಕದ ಒಂದು ಸಾಲೂ ಓದಲು ಬಾರದು. ನನಗೆ ಎರಡೂ ಲಿಪಿ ಬರುತ್ತವೆ, ಲೇಥ್ ಬರುವುದಿಲ್ಲ. ಬಸ್ಸು ಬಂತು, ಹೋಯಿತು. ನಾನು ಓದುತ್ತಾ ಹೋದೆ, ಹುಡುಗ ತನ್ನ ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡ. ಕತ್ತಲಾಗುವಷ್ಟರಲ್ಲಿ ಹನ್ನೊಂದು ಪುಟ ಆಗಿತ್ತು. ಇನ್ನೂ ಬಹಳ ಉಳಿದಿದೆ.