ಮೈಸೂರಿನ ಪ್ರಥಮ ಮುಖ್ಯಮಂತ್ರಿ ಕೆ. ಸಿ. ರೆಡ್ಡಿ

ನಂದಿಬೆಟ್ಟದ ಸುತ್ತಣ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಮೈಸೂರು ಸೀಮೆಗೆ ಪ್ರಥಮ ಮುಖ್ಯಮಂತ್ರಿಯನ್ನು ಕೊಟ್ಟ ಹಿರಿಮೆ ಆ ಅವಿಭಜಿತ ಜಿಲ್ಲೆಯದು. ಈ ಪ್ರಾಂತದ ನೂರು ವರ್ಷಗಳ ಚರಿತ್ರೆಯನ್ನು ಸ್ಮರಿಸುವಾಗ ದಿವಂಗತ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರನ್ನು ಮರೆಯಲಾಗದು.

1902ರ ಮೇ 4ರಂದು ಕ್ಯಾಸಂಬಳ್ಳಿಯಲ್ಲಿ ಜನಿಸಿದ ಅವರು ನ್ಯಾಯಶಾಸ್ತ್ರದ ಪದವಿ ಪಡೆದು ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು. 1930ರ ಸುಮಾರಿಗೆ ಅವರು ಮುಂದಾಗಿ ನಿಂತು ಕಟ್ಟಿದ ಪ್ರಜಾಪಕ್ಷವು ಕೋಲಾರ, ಬೆಂಗಳೂರು ಜಿಲ್ಲೆಗಳ ರೈತರ ಕಷ್ಟಗಳಿಗೆ ದನಿಯಾಯಿತು. ಮುಂದೆ ಅದು ಪ್ರಜಾಮಿತ್ರ ಮಂಡಲಿಯೊಡನೆ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು. 1937ರಲ್ಲಿ ಆ ಪಕ್ಷವೂ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ತಾವೇ ಕಟ್ಟಿದ ಮನೆಯನ್ನು ದೊಡ್ಡ ಮನೆಯೊಂದಕ್ಕಾಗಿ ಬಿಟ್ಟುಕೊಡುವುದು ರಾಜಕಾರಣದಲ್ಲಿ ಸುಲಭದ ಮಾತಲ್ಲ.

ಮರುವರ್ಷವೇ ನಮ್ಮ ನೆರೆಯಲ್ಲಿ ರಕ್ತ ಹರಿಯಿತು. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನೇರಿಸಲು ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರ ವಿಷಯದಲ್ಲಿ ಸರ್ಕಾರ ಹೇಳಿದ ಸಂಖ್ಯೆಯೇ ಬೇರೆ, ಜನ ಹೇಳುವ ಸಂಖ್ಯೆಯೇ ಬೇರೆ. ಆಗ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ಅವಕಾಶ ದೊರೆಯಿತು.

ಧ್ವಜಕ್ಕೆ ಅನುಮತಿ ದೊರೆತರೂ ಅಧಿಕಾರ ಪ್ರಜೆಗಳ ಕೈಸೇರಲು ಒಂಬತ್ತು ವರ್ಷ ಕಾಯಬೇಕಾಯಿತು. 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದಾಗಲೂ ಇಲ್ಲಿ ದಿವಾನರ ಆಡಳಿತವೇ ಮುಂದುವರಿದಿತ್ತು. ಸೆಪ್ಟೆಂಬರಿನಲ್ಲಿ ರೆಡ್ಡಿಯವರ ಮುಂದಾಳುತನದಲ್ಲಿ ‘ಮೈಸೂರು ಚಲೋ’ ಚಳವಳಿ ಮೊದಲಾಯಿತು, ಸೆರೆಮನೆಗಳು ತುಂಬಿದವು. ಕೊನೆಗೆ ಮಹಾರಾಜರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದರು. ಅಕ್ಟೋಬರ್ 25ರಂದು ರೆಡ್ಡಿಯವರು ಮುಖ್ಯಮಂತ್ರಿಗಳಾದರು.

ಸಂಸ್ಥಾನಕ್ಕೆ ಪ್ರತ್ಯೇಕ ಸಂವಿಧಾನವನ್ನು ರಚಿಸಲೆಂದು ಸಭೆಯೊಂದು ಏರ್ಪಟ್ಟಿತ್ತು. ಆದರೆ ಅವರ ಆಡಳಿತಕಾಲದಲ್ಲೇ, 1949ರ ನವೆಂಬರಿನಲ್ಲಿ, ಮೈಸೂರು ಭಾರತದ ಸಂವಿಧಾನವನ್ನೇ ಅಂಗೀಕರಿಸಿತು. ಪ್ರಥಮ ಮಹಾಚುನಾವಣೆಯ ನಂತರ, 1952ರ ಮಾರ್ಚಿ 30ರಂದು ಅಧಿಕಾರವು ಕೆಂಗಲ್ ಹನುಮಂತಯ್ಯನವರಿಗೆ ಹಸ್ತಾಂತರವಾಯಿತು. ರೆಡ್ಡಿಯವರು ಕೇಂದ್ರದಲ್ಲಿ ಸಚಿವರಾಗಿ, ಅನಂತರ 1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. 1976ರ ಫೆಬ್ರವರಿ 27ರಂದು ನಿಧನರಾದರು.

ಪಕ್ಷವನ್ನು ಕಟ್ಟಿ ಕಾಂಗ್ರೆಸ್ಸಿಗೊಪ್ಪಿಸಿದರು. ಸಂಸ್ಥಾನವನ್ನಾಳಿ ರಾಷ್ಟ್ರದೊಡನೆ ಬೆಸೆದರು. ಪದವಿಯನ್ನೇರಿ ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ಅಧಿಕಾರವು ಪ್ರಜೆಗಳು ಇಟ್ಟ ಒತ್ತೆಯೇ ಹೊರತು ಸ್ವಂತ ಸೊತ್ತಲ್ಲವೆಂಬುದಕ್ಕೆ ಅವರ ಬಾಳು ನಿದರ್ಶನ. ಆ ಒತ್ತೆಗೆ ತೆತ್ತ ಬೆಲೆಯನ್ನು ಅರಿಯಬಯಸುವವರು ವಿದುರಾಶ್ವತ್ಥದ ವೀರಸೌಧವನ್ನೊಮ್ಮೆ ಸಂದರ್ಶಿಸಬೇಕು.