ಜಮ್ಶೆಡ್‌ಪುರದ ಕಾರ್ಮಿಕ ಕಲ್ಯಾಣ: ಮುಷ್ಕರದ ಇಸವಿಗಳ ಜೊತೆಗಿಟ್ಟು ಓದಿದಾಗ

ಭಾರತದ ಕಂಪನಿಗಳು ನೌಕರರ ಕ್ಷೇಮಕ್ಕಾಗಿ ಕೈಗೊಂಡ ಯೋಜನೆಗಳ ಚರಿತ್ರೆಯನ್ನು ಜಮ್ಶೆಡ್‌ಪುರದಿಂದ ಆರಂಭಿಸುವುದು ವಾಡಿಕೆ. ಅದಕ್ಕೆ ಕಾರಣವೂ ಇದೆ. ಟಾಟಾ ಉಕ್ಕಿನ ಕಾರ್ಖಾನೆ 1912ರಲ್ಲಿ ಎಂಟು ಗಂಟೆಯ ಪಾಳಿಯನ್ನು, 1915ರಲ್ಲಿ ಉಚಿತ ವೈದ್ಯಕೀಯ ನೆರವನ್ನು, 1920ರಲ್ಲಿ ಭವಿಷ್ಯನಿಧಿ ಮತ್ತು ಸಂಬಳಸಹಿತ ರಜೆಯನ್ನು ಜಾರಿಗೆ ತಂದಿತು. 1928ರಲ್ಲಿ ಹೆರಿಗೆ ಸೌಲಭ್ಯ, 1934ರಲ್ಲಿ ಲಾಭಾಂಶದ ಬೋನಸ್, 1937ರಲ್ಲಿ ಗ್ರಾಚ್ಯುಟಿ ಬಂದವು. ದೇಶದ ಭವಿಷ್ಯನಿಧಿ ಕಾಯ್ದೆ ಬಂದದ್ದು 1952ರಲ್ಲಿ. ಗ್ರಾಚ್ಯುಟಿಯದು 1972ರಷ್ಟು ತಡ.

ಈ ಪಟ್ಟಿಯನ್ನು ಸಾಮಾನ್ಯವಾಗಿ ಸ್ಥಾಪಕರ ದೂರದೃಷ್ಟಿಯ ಫಲವೆಂದು ಓದುತ್ತಾರೆ. ಜಮ್ಶೆಟ್‌ಜಿ ಟಾಟಾ 1902ರಲ್ಲಿ ಮಗ ದೊರಾಬ್‌ಜಿಗೆ ಬರೆದ ಪತ್ರದಲ್ಲಿ, ಕಟ್ಟಬೇಕಾದ ಊರಿಗೆ ಅಗಲವಾದ ಬೀದಿ, ನೆರಳಿನ ಮರ, ಆಟದ ಬಯಲು ಇರಲೆಂದು ಕೇಳಿದ್ದು ನಿಜ. ಆದರೆ ಮುಂದೆ ಜಮ್ಶೆಡ್‌ಪುರವಾದ ಸಾಕ್ಚಿ ಆಗ ಕಾಡಿನ ನಡುವಿನ ಹಳ್ಳಿ. ದೂರದೂರಿನ ಕುಶಲ ಕೆಲಸಗಾರರನ್ನು ಕರೆತಂದು ನಿಲ್ಲಿಸಿಕೊಳ್ಳಬೇಕಾದರೆ ಮನೆ, ನೀರು, ಆಸ್ಪತ್ರೆ ಇಲ್ಲದೆ ಆಗುತ್ತಿರಲಿಲ್ಲ. ಔದಾರ್ಯಕ್ಕೂ ಅಗತ್ಯಕ್ಕೂ ಇಲ್ಲಿ ಜಗಳವಿರಲಿಲ್ಲ.

ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿಯನ್ನು ಇಡಬೇಕು: 1920, 1922, 1928ರ ಮುಷ್ಕರಗಳು. 1920ರ ಮುಷ್ಕರದಲ್ಲಿ ಗೋಲಿಬಾರ್ ನಡೆದು ಸಾವುಗಳಾದವು. ಭವಿಷ್ಯನಿಧಿಯ ಇಸವಿಯೂ ಅದೇ. 1928ರಲ್ಲಿ ಕಾರ್ಮಿಕರ ಪರ ನಿಂತು ಒಪ್ಪಂದಕ್ಕೆ ಸುಭಾಷ್‌ಚಂದ್ರ ಬೋಸ್ ನೆರವಾದರು. ಹೆರಿಗೆ ಸೌಲಭ್ಯವೂ ಆ ವರ್ಷದ್ದೇ. ಒಂದೊಂದು ಸೌಲಭ್ಯಕ್ಕೂ ಒಂದೊಂದು ಮುಷ್ಕರವೇ ಕಾರಣವೆಂದು ಇಸವಿಗಳಷ್ಟರಿಂದಲೇ ಸಾಧಿಸಲಾಗದು. ಆದರೂ ಬೀದಿಯ ಒತ್ತಡವನ್ನು ಬಿಟ್ಟು ಬರೆದ ಕಲ್ಯಾಣದ ಕಥೆ ಕಂಪನಿಯ ಸ್ಮರಣ ಸಂಚಿಕೆಗೆ ಹೊಂದೀತು, ಚರಿತ್ರೆಗಲ್ಲ. ಪಾಲನೆಯ ಬೆನ್ನಿಗೇ ನಿಗಾವಣೆಯೂ ಬರುತ್ತದೆ ಎಂಬುದಕ್ಕೆ ನಮ್ಮ ಕೋಲಾರದ ಚಿನ್ನದ ಗಣಿಯೇ ಸಾಕ್ಷಿ. ಆ ಗಣಿಯಲ್ಲಿ 1930ರಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿದ್ದು ಹೆಬ್ಬೆಟ್ಟಿನ ಗುರುತಿನ ನೋಂದಣಿಯನ್ನು ವಿರೋಧಿಸಿ.

ಜಮ್ಶೆಡ್‌ಪುರದಲ್ಲಿ ನೌಕರನ ಕ್ಷೇಮ, ಊರಿನ ಕ್ಷೇಮ ಎಂಬ ಗೆರೆ ತೆಳುವಾಗಿತ್ತು. ಊರಿನ ನೀರು, ದೀಪ, ಚರಂಡಿಯೂ ಕಂಪನಿಯ ಹೊಣೆಯೇ. 1970ರಲ್ಲಿ ಕಂಪನಿ ತನ್ನ ನಿಯಮಾವಳಿಯಲ್ಲೇ ಸಮಾಜದ ಹೊಣೆಯನ್ನು ಸೇರಿಸಿಕೊಂಡಿತು. 1980ರಲ್ಲಿ ಅದರ ನಿರ್ವಹಣೆಯನ್ನು ಪರಿಶೀಲಿಸಲು ಸಾಮಾಜಿಕ ಲೆಕ್ಕಪರಿಶೋಧನೆಯೂ ನಡೆಯಿತು.

2013ರ ಕಂಪನಿ ಕಾಯ್ದೆ ನೌಕರನ ಕ್ಷೇಮ, ಸಮಾಜದ ಕ್ಷೇಮ ಎರಡನ್ನೂ ಬೇರ್ಪಡಿಸಿತು. ನಿವ್ವಳ ಲಾಭ 5 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಸಂಪತ್ತು 500 ಕೋಟಿ ರೂಪಾಯಿ: ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು ಎಂದು ಅದರ 135ನೇ ಕಲಂ ಹೇಳುತ್ತದೆ. ಆದರೆ ಸ್ವಂತ ನೌಕರರಿಗಷ್ಟೇ ಅನುಕೂಲವಾಗುವ ಖರ್ಚನ್ನು ನಿಯಮಗಳು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೇಟಿನೊಳಗಿನ ಕ್ಷೇಮಕ್ಕೆ ಕಾರ್ಮಿಕ ಕಾನೂನು, ಹೊರಗಿನದಕ್ಕೆ ಕಂಪನಿ ಕಾನೂನು. ಗೇಟಿನೊಳಗೇ ದುಡಿಯುವ ಗುತ್ತಿಗೆ ಕಾರ್ಮಿಕನನ್ನು ಮಾತ್ರ ಕಂಪನಿ ಮತ್ತು ಗುತ್ತಿಗೆದಾರ ಪರಸ್ಪರರತ್ತ ತೋರಿಸುತ್ತಾರೆ.