ಕಾರು ಸ್ಟಾರ್ಟ್ ಆಗದಿದ್ದರೆ ದೋಷ ಬ್ಯಾಟರಿಯದೋ, ಆಲ್ಟರ್ನೇಟರ್‌ನದೋ?

ಬೆಳಿಗ್ಗೆ ಕೀಲಿ ತಿರುಗಿಸಿದಾಗ ಕಾರು 'ಟಕ್ ಟಕ್' ಎಂದಷ್ಟೇ ಸದ್ದು ಮಾಡಿ ಸುಮ್ಮನಾದರೆ ಮಾಲೀಕರು ಮೊದಲು ಶಂಕಿಸುವುದು ಬ್ಯಾಟರಿಯನ್ನು. ಸಾವಿರಾರು ರೂಪಾಯಿ ತೆತ್ತು ಹಾಕಿಸಿದ ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಖಾಲಿಯಾದಾಗ, ದೋಷ ಆಲ್ಟರ್ನೇಟರ್‌ನಲ್ಲಿತ್ತು ಎಂಬುದು ತಡವಾಗಿ ತಿಳಿಯುತ್ತದೆ. ಕೆಲವು ನೂರು ರೂಪಾಯಿಗೆ ದೊರೆಯುವ ಮಲ್ಟಿಮೀಟರ್‌ನಿಂದ ಮೂರು ಅಳತೆ ತೆಗೆದುಕೊಂಡರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಯಾವುದರ ಕೆಲಸ ಯಾವುದು?

ಕಾರುಗಳಲ್ಲಿ ಸಾಮಾನ್ಯವಾಗಿರುವುದು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ಸುಧಾರಿತ ರೂಪ. ಅದರ ಆರು ಕೋಶಗಳು ತಲಾ ಸುಮಾರು 2.1 ವೋಲ್ಟ್ ನೀಡುತ್ತವೆ. ಎಂಜಿನ್ ಚಾಲನೆಗೊಳ್ಳುವವರೆಗೆ ಮಾತ್ರ ಹೊರೆ ಬ್ಯಾಟರಿಯದು. ಬಳಿಕ ಬೆಲ್ಟ್ ಮೂಲಕ ತಿರುಗುವ ಆಲ್ಟರ್ನೇಟರ್ ಕಾರಿಗೆ ವಿದ್ಯುತ್ ಪೂರೈಸಿ, ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ. ಅದು ಉತ್ಪಾದಿಸುವ ಪರ್ಯಾಯ ವಿದ್ಯುತ್ತನ್ನು ಡಯೋಡ್‌ಗಳು ನೇರ ವಿದ್ಯುತ್ತಾಗಿ ಪರಿವರ್ತಿಸುತ್ತವೆ. ರೆಗ್ಯುಲೇಟರ್ ವೋಲ್ಟೇಜನ್ನು ಹತೋಟಿಯಲ್ಲಿಡುತ್ತದೆ. ಹಳೆಯ ಕಾರುಗಳ ರೂಢಿಯಿಂದ ಅನೇಕ ಮೆಕ್ಯಾನಿಕ್‌ಗಳು ಇದನ್ನು ಇಂದಿಗೂ 'ಡೈನಮೋ' ಎಂದೇ ಕರೆಯುತ್ತಾರೆ.

ಮೂರು ಅಳತೆಗಳು

ಮೊದಲನೆಯದು: ಕಾರು ಕೆಲವು ಗಂಟೆ ನಿಂತಿದ್ದ ಬಳಿಕ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆಯಬೇಕು. 12.6 ವೋಲ್ಟ್ ಇದ್ದರೆ ಚಾರ್ಜ್ ಪೂರ್ಣವಾಗಿದೆ, 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕಡಿಮೆಯಾದರೆ ಬಹುತೇಕ ಖಾಲಿ.

ಎರಡನೆಯದು: ಸೆಲ್ಫ್ ಹೊಡೆಯುವಾಗ ಅಳೆಯಬೇಕು. ಪೂರ್ಣ ಚಾರ್ಜ್ ಆಗಿದ್ದ ಬ್ಯಾಟರಿ ಆಗ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಅದರ ಶಕ್ತಿ ಕುಂದಿರುವ ಸಾಧ್ಯತೆಯೇ ಹೆಚ್ಚು.

ಮೂರನೆಯದು: ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಗೂ ಎ.ಸಿ. ಫ್ಯಾನ್ ಹಾಕಿ, ಆಕ್ಸಿಲರೇಟರನ್ನು ತುಸು ಒತ್ತಿ ಅಳೆಯಬೇಕು. 13.8ರಿಂದ 14.5 ವೋಲ್ಟ್ ಬಂದರೆ ಆಲ್ಟರ್ನೇಟರ್ ಸರಿಯಾಗಿದೆ. 13ಕ್ಕಿಂತ ಕಡಿಮೆಯಿದ್ದರೆ ಚಾರ್ಜ್ ಸಾಲುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿರುವ ಶಂಕೆಯಿದೆ. ಅತಿಯಾದ ಚಾರ್ಜ್‌ನಿಂದ ಬ್ಯಾಟರಿಯ ನೀರು ಬೇಗ ಆರುತ್ತದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಇಂಧನ ಉಳಿತಾಯಕ್ಕಾಗಿ ಕಂಪ್ಯೂಟರೇ ವೋಲ್ಟೇಜನ್ನು ಏರಿಳಿಸುವುದರಿಂದ, ಒಂದೇ ಅಳತೆಯಿಂದ ತೀರ್ಮಾನಕ್ಕೆ ಬರುವುದು ಸಲ್ಲದು.

ಎರಡೂ ಸರಿಯಿದ್ದರೆ?

ಟರ್ಮಿನಲ್‌ಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿಕೊಂಡಿರುವುದು, ಸಡಿಲವಾದ ಅರ್ತ್ ತಂತಿ, ಸವೆದ ಬೆಲ್ಟ್ ಇವೂ ಇದೇ ಲಕ್ಷಣಗಳನ್ನು ತೋರುತ್ತವೆ. ಹಗಲೆಲ್ಲ ಚೆನ್ನಾಗಿ ಓಡಿದ ಕಾರು ಮರುದಿನ ಸ್ಟಾರ್ಟ್ ಆಗದಿದ್ದರೆ ವಿದ್ಯುತ್ ಸೋರಿಕೆಯನ್ನು ಶಂಕಿಸಬೇಕು. ಬೀಗ ಹಾಕಿ ನಿಲ್ಲಿಸಿದ ಕಾರು ಸಾಮಾನ್ಯವಾಗಿ 50 ಮಿಲಿಆಂಪಿಯರ್‌ಗಿಂತ ಹೆಚ್ಚು ವಿದ್ಯುತ್ ಎಳೆಯಬಾರದು. ನಗರದ ದಟ್ಟಣೆಯಲ್ಲಿ ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ, ಖರ್ಚಾದ ಚಾರ್ಜ್ ಮರಳಿ ತುಂಬದಿರುವುದೂ ಉಂಟು.

ದಾರಿಯಲ್ಲಿ ದೀಪ ಹೊತ್ತಿದರೆ

ಕೀಲಿ ತಿರುಗಿಸಿದಾಗ ಹೊತ್ತುವ ಕೆಂಪು ಬ್ಯಾಟರಿ ದೀಪ, ಎಂಜಿನ್ ಓಡತೊಡಗಿದೊಡನೆ ಆರಬೇಕು. ಓಡುತ್ತಿರುವಾಗ ಹೊತ್ತಿಕೊಂಡರೆ ಚಾರ್ಜಿಂಗ್ ನಿಂತಿದೆ ಎಂದರ್ಥ. ವಾರಾಂತ್ಯದಲ್ಲಿ ಬೆಂಗಳೂರಿನಿಂದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಕಡೆಗೆ ಹೊರಟವರಿಗೆ ಹೀಗಾದರೆ, ಪರಿಚಿತ ಮೆಕ್ಯಾನಿಕ್ ಕೈಗೆಟುಕುವಷ್ಟು ಹತ್ತಿರದಲ್ಲಿರುವುದಿಲ್ಲ. ಆಗ ಮೊದಲು ನೋಡಬೇಕಾದುದು ಎಂಜಿನ್ ಉಷ್ಣತೆಯ ಸೂಚಕವನ್ನು. ಕೆಲವು ಕಾರುಗಳಲ್ಲಿ ನೀರಿನ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತದೆ. ಬೆಲ್ಟ್ ಹರಿದು ಉಷ್ಣತೆ ಏರಿದರೆ ತಕ್ಷಣ ಕಾರು ನಿಲ್ಲಿಸಬೇಕು. ಉಷ್ಣತೆ ಸರಿಯಿದ್ದರೆ ಎ.ಸಿ., ಸಂಗೀತ, ಮೊಬೈಲ್ ಚಾರ್ಜರ್‌ಗಳನ್ನು ಆರಿಸಿ, ಎಂಜಿನ್ ನಿಲ್ಲಿಸದೆ ದೊಡ್ಡಬಳ್ಳಾಪುರದಂತಹ ಸಮೀಪದ ಪಟ್ಟಣ ತಲುಪುವುದು ಲೇಸು. ಹಗಲಿನಲ್ಲಿ ಕೆಲಕಾಲ ಓಡಬಹುದಾದ ಕಾರು, ಹೆಡ್‌ಲೈಟ್ ಉರಿಸಲೇಬೇಕಾದ ಇರುಳಿನಲ್ಲಿ ಬಹುಬೇಗ ನಿಲ್ಲುತ್ತದೆ. ವಿದ್ಯುತ್ ಚಾಲಿತ ಸ್ಟಿಯರಿಂಗ್ ಇದ್ದರೆ ವೋಲ್ಟೇಜ್ ಕುಸಿದಂತೆ ಅದು ಬಿಗಿಯಾಗುವ ಅಪಾಯವೂ ಇದೆ.

ಎಚ್ಚರಿಕೆಗಳು

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿ ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ರೂಢಿಯನ್ನು ಕೈಬಿಡಬೇಕು. ಆಗ ಒಮ್ಮೆಲೇ ಏರುವ ವೋಲ್ಟೇಜ್ ಡಯೋಡ್‌ಗಳನ್ನೂ ಎಂಜಿನ್ ಕಂಪ್ಯೂಟರನ್ನೂ ಸುಡಬಲ್ಲದು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುವುದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ತಂತಿ ಬಿಚ್ಚುವಾಗ ಋಣ ಟರ್ಮಿನಲ್ ಮೊದಲು, ಜೋಡಿಸುವಾಗ ಅದೇ ಕೊನೆಗೆ.

ಬ್ಯಾಟರಿಯ ಆಯಸ್ಸು ಸಾಮಾನ್ಯವಾಗಿ 3ರಿಂದ 5 ವರ್ಷ. ಅದು ನಿಜಕ್ಕೂ ಮುಗಿದಿದ್ದರೆ ಹಳೆಯದನ್ನು ಗುಜರಿಗೆ ಹಾಕದೆ, ಮಾರಾಟಗಾರರಿಗೇ ಮರಳಿಸಿ ಬೆಲೆಯಲ್ಲಿ ವಜಾ ಪಡೆಯಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಉತ್ಪಾದಕರದು. ಆದರೆ ಮೇಲಿನ ಮೂರು ಅಳತೆ ತೆಗೆಯುವ ಮುನ್ನ ಹೊಸ ಬ್ಯಾಟರಿಗೆ ಹಣ ಕೊಡುವುದು ವಿವೇಕವಲ್ಲ.